ಕೈ ಓಡದಾಗ, ಕಥೆ ವಾಪಸ್ ಬಂದಾಗ: ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೊಂದು ವರ್ಷ ಶಿವಮೊಗ್ಗದ ಒಂದು ಡಿಟಿಪಿ ಅಂಗಡಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚಿಗೆ ಪುಟ ಸಿದ್ಧಮಾಡುವ ಕಡೆ, ಕೆಲಸ ಮಾಡಿದವಳು. ಬೇರೆಯವರ ಕಥೆ, ಕವನ, ಪಿಎಚ್‌ಡಿ ಪ್ರಬಂಧ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲ ಟೈಪ್ ಮಾಡಿದ್ದೇನೆ. ಈಗ ಮನೆಯಲ್ಲೇ ಕೂತು ಕರಡು ತಿದ್ದುತ್ತೇನೆ. ನಡುವೆ ನನ್ನವೇ ಎರಡು ಕಥಾಸಂಕಲನ ಬಂದಿವೆ. ಹಾಗಾಗಿ ಆಗಾಗ ಕಥಾ ಕಮ್ಮಟಗಳಿಗೆ ಕರೆಯುತ್ತಾರೆ.

ಕಮ್ಮಟದಲ್ಲಿ ಎರಡು ಥರದ ಪ್ರಶ್ನೆ ಬರುತ್ತವೆ. ಮೈಕ್ ಹಿಡಿದು ಕೇಳುವವು ಒಂದು. ಮಧ್ಯಾಹ್ನ ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು, ಪಕ್ಕದವರಿಗೆ ಕೇಳಿಸದ ಹಾಗೆ "ಮೇಡಂ, ಒಂದು ಮಾತು" ಅಂತ ಶುರುವಾಗುವವು ಇನ್ನೊಂದು. ಇಲ್ಲಿರುವುದೆಲ್ಲ ಎರಡನೇ ಥರದವು.

ಬರೆಯೋಕೆ ಮೂಡೇ ಬರ್ತಿಲ್ಲ. ಏನು ಮಾಡಲಿ?

ಮೂಡ್ ಇಲ್ಲದೇ ಕೂತುಕೊಳ್ಳಿ.

ಉತ್ತರ ಒರಟಾಯಿತು, ಗೊತ್ತು. ಆದರೆ ಅಂಗಡಿಯಲ್ಲಿ ನಾನು ಕಲಿತದ್ದು ಇದನ್ನೇ. ಬೆಳಿಗ್ಗೆ ಒಂಬತ್ತೂವರೆಗೆ ಕಂಪ್ಯೂಟರ್ ಆನ್ ಮಾಡಿದರೆ ಮೊದಲ ಅರ್ಧ ಗಂಟೆ ಬೆರಳು ಏಳುತ್ತಿರಲಿಲ್ಲ. ಒತ್ತಕ್ಷರ ತಪ್ಪುತ್ತಿತ್ತು, ದೀರ್ಘ ಬಿಟ್ಟುಹೋಗುತ್ತಿತ್ತು. ಮೂರನೇ ಪುಟಕ್ಕೆ ಬರುವ ಹೊತ್ತಿಗೆ ಕೈ ತಾನಾಗಿ ಓಡುತ್ತಿತ್ತು. ಟೈಪ್ ಮಾಡುತ್ತಿದ್ದದ್ದು ಯಾರದೋ ಜಮೀನಿನ ಕರಾರುಪತ್ರ. ಅದಕ್ಕೆ ಸ್ಫೂರ್ತಿ ಎಲ್ಲಿಂದ ಬರಬೇಕು? ಆದರೂ ಕೈ ಬಿಸಿಯಾಗುತ್ತಿತ್ತು. ನಾನು ಕಥೆ ಬರೆಯಲು ಶುರುಮಾಡಿದಾಗ ಇದೇ ಲೆಕ್ಕ ಇಟ್ಟುಕೊಂಡೆ. ಉಮೇದು ಮೂರನೇ ಪುಟದಲ್ಲಿ ಬರುತ್ತೆ, ಮೊದಲೆರಡು ಪುಟ ಅದಿಲ್ಲದೇ ದೂಡಬೇಕು.

ಮೊದಲೆರಡು ಪುಟ ದೂಡಲು ನನ್ನದೊಂದು ಉಪಾಯವಿದೆ. ನಿನ್ನೆ ಬರೆದ ಕೊನೆಯ ಅರ್ಧ ಪುಟವನ್ನು ಇವತ್ತು ಮತ್ತೆ ಟೈಪ್ ಮಾಡುತ್ತೇನೆ. ಕಾಪಿ ಮಾಡಿ ಅಂಟಿಸುವುದಲ್ಲ, ಒಂದೊಂದೇ ಅಕ್ಷರ ಕುಟ್ಟುವುದು. ಕೈಯಲ್ಲಿ ಬರೆಯುವವರಾದರೆ ನಕಲು ಮಾಡಿ. ನಾಲ್ಕೈದು ಸಾಲಾಗುವಷ್ಟರಲ್ಲಿ ಎಲ್ಲೋ ಒಂದು ಪದ ಸರಿಯಿಲ್ಲ ಅನಿಸುತ್ತೆ. ಅದನ್ನು ಬದಲಿಸುತ್ತೀರಿ. ಅದು ಬದಲಾದರೆ ಮುಂದಿನ ವಾಕ್ಯ ಅಲುಗಾಡುತ್ತೆ. ನಕಲು ಮಾಡಲು ಕೂತವರು ಎಷ್ಟೊತ್ತಿಗೆ ಬರೆಯಲು ಶುರುಮಾಡಿದರು ಅಂತ ಅವರಿಗೇ ತಿಳಿದಿರುವುದಿಲ್ಲ.

ದಿನಾ ಬರೆಯಲೇಬೇಕಾ?

ಬೇಡ. ನನಗೆ ಗೊತ್ತಿರುವ ಒಬ್ಬರು ಅಡಿಕೆ ಬೆಳೆಗಾರರು. ಗೊನೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಮುಗಿಯುವ ತನಕ ಪೆನ್ನು ಮುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ಆಷಾಢದಲ್ಲಿ ಕೂತರೆ ಎರಡು ತಿಂಗಳಲ್ಲಿ ಮೂರು ಕಥೆ. ದಿನಾ ಬರೆಯುವ ನನಗಿಂತ ಅವರೇ ಜಾಸ್ತಿ ಬರೆದಿದ್ದಾರೆ. ನಿಮ್ಮ ಸುಗ್ಗಿ ಯಾವಾಗ ಅಂತ ನೀವೇ ನೋಡಿಕೊಳ್ಳಿ.

ಪತ್ರಿಕೆಗೆ ಕಳಿಸಿದ ಕಥೆ ವಾಪಸ್ ಬಂತು. ನನಗೆ ಬರೆಯೋಕೆ ಬರಲ್ಲ ಅಂತಾನಾ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಹಿಂದೆ ಕಥೆ ಕಳಿಸುವಾಗ ಸ್ವವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಡಬೇಕಿತ್ತು. ಕಥೆ ಬೇಡವಾದರೆ ಅದೇ ಲಕೋಟೆಯಲ್ಲಿ ವಿಷಾದ ಪತ್ರದ ಜೊತೆ ವಾಪಸ್ ಬರುತ್ತಿತ್ತು. ನಿಮ್ಮದೇ ಅಕ್ಷರದಲ್ಲಿ ನಿಮ್ಮದೇ ವಿಳಾಸ. ಅಂಚೆಯಣ್ಣ ಗೇಟಿನಲ್ಲಿ ನಿಂತಾಗಲೇ ದೂರದಿಂದ ಗೊತ್ತಾಗಿಬಿಡುತ್ತಿತ್ತು. ಒಡೆದು ನೋಡುವ ಮಾತೇ ಇಲ್ಲ. ಈಗ ಇ-ಮೇಲ್. ಎಷ್ಟೋ ಸಲ ವಿಷಾದವೂ ಬರುವುದಿಲ್ಲ, ಸುಮ್ನೆ ಮೌನ. ಯಾವುದು ವಾಸಿ ಅಂತ ನನಗಿನ್ನೂ ತೀರ್ಮಾನಿಸೋಕೆ ಆಗಿಲ್ಲ.

ಈಗ ಅಂಗಡಿಯ ಕಥೆ. ನಮ್ಮಲ್ಲಿ ಒಂದು ಸಣ್ಣ ಮಾಸಪತ್ರಿಕೆಯ ಪುಟಗಳು ತಯಾರಾಗುತ್ತಿದ್ದವು. ಒಂದು ತಿಂಗಳು ಎಲ್ಲ ಮುಗಿದು ಪ್ರೆಸ್ಸಿಗೆ ಹೋಗುವ ಹಿಂದಿನ ಸಂಜೆ ಸಂಪಾದಕರು ಬಂದರು. ಕೈಯಲ್ಲಿ ಒಂದು ಒಡವೆ ಅಂಗಡಿಯ ಜಾಹೀರಾತು. ಎರಡು ಪುಟದ್ದು. "ಎಲ್ಲಾದ್ರೂ ಜಾಗ ಮಾಡಮ್ಮ" ಅಂದರು. ಎರಡು ಪುಟಕ್ಕೆ ಸರಿಯಾಗಿ ಕೂತಿದ್ದದ್ದು ಒಂದೇ ಐಟಂ, ಒಂದು ಕಥೆ. "ಅದನ್ನ ತೆಗಿ, ಮುಂದಿನ ತಿಂಗಳು ನೋಡೋಣ" ಅಂದರು. ನಾನೇ ತೆಗೆದೆ. ಪೂರ್ತಿ ಸೆಲೆಕ್ಟ್ ಮಾಡಿ, ಕಂಟ್ರೋಲ್ ಎಕ್ಸ್. ಆ ಜಾಗದಲ್ಲಿ ನೆಕ್ಲೇಸ್ ಹಾಕಿಕೊಂಡ ಹುಡುಗಿ ನಗುತ್ತಾ ಕೂತಳು.

ಸಂಚಿಕೆ ಬಂದ ದಿನ ಆ ಕಥೆ ಬರೆದವರು ಅಂಗಡಿಗೇ ಬಂದರು. ಭದ್ರಾವತಿ ಕಡೆಯ ಒಬ್ಬ ಮೇಷ್ಟ್ರು. ಕಥೆ ಬರುತ್ತೆ ಅಂತ ಸಂಪಾದಕರು ಮೊದಲೇ ಹೇಳಿಬಿಟ್ಟಿದ್ದರು. ಹತ್ತು ಪ್ರತಿ ಕೇಳಿದರು, ದುಡ್ಡೂ ಕೊಟ್ಟರು. ಅಲ್ಲೇ ನಿಂತು ಪುಟ ತಿರುವಿದರು. ಎರಡು ಸಲ ತಿರುವಿದರು. "ಅಷ್ಟೇನೂ ಚೆನ್ನಾಗಿರಲಿಲ್ಲ ಅನ್ಸುತ್ತೆ ಬಿಡಿ" ಅಂದು, ಹತ್ತೂ ಪ್ರತಿ ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಯಾರೂ ಆ ಕಥೆಯನ್ನು ನೆನಪಿಸಿಕೊಳ್ಳಲಿಲ್ಲ, ನಾನೂ ಸೇರಿದ ಹಾಗೆ.

ಎಲ್ಲ ಕಥೆಯೂ ಒಡವೆ ಅಂಗಡಿಯಿಂದಲೇ ವಾಪಸ್ ಬರುತ್ತೆ ಅಂತ ನಾನು ಹೇಳುತ್ತಿಲ್ಲ. ಕಥೆ ನಿಜಕ್ಕೂ ಕಚ್ಚಾ ಇದ್ದಿರಬಹುದು. ಪದಮಿತಿ ಮೀರಿರಬಹುದು. ಹೋದ ವಾರವಷ್ಟೇ ಅದೇ ವಸ್ತುವಿನ ಇನ್ನೊಂದು ಕಥೆ ಬಂದಿರಬಹುದು. ಹೊರಗೆ ನಿಂತ ನಮಗೆ ಕಾರಣ ಕಾಣುವುದಿಲ್ಲ. ಕಾಣದ ಕಾರಣಕ್ಕೆ ನಮ್ಮ ಯೋಗ್ಯತೆಯನ್ನೇ ಹೊಣೆ ಮಾಡುವುದು ಆ ಮೇಷ್ಟ್ರು ಮಾಡಿದ ತಪ್ಪು. ಬರೆಯೋದು ಒಂದು ಕೆಲಸ, ಅಚ್ಚಾಗೋದು ಇನ್ನೊಂದು. ಎರಡನೆಯದರಲ್ಲಿ ಸಂಪಾದಕರು, ಪುಟ, ಜಾಹೀರಾತು, ಕಾಗದದ ರೇಟು, ಟೈಪ್ ಮಾಡುವ ಹುಡುಗಿ ಎಲ್ಲರೂ ಇರುತ್ತಾರೆ. ಮೊದಲನೆಯದರಲ್ಲಿ ನೀವೊಬ್ಬರೇ.

ಉತ್ತರಕ್ಕೆ ಎಷ್ಟು ದಿನ ಕಾಯೋದು?

ನಾನು ಮೂರು ತಿಂಗಳು ಕಾಯುತ್ತೇನೆ. ಆಮೇಲೆ ಒಂದು ಸಾಲಿನ ಮೇಲ್ ಹಾಕುತ್ತೇನೆ: ಕಥೆಯನ್ನು ಹಿಂಪಡೆಯುತ್ತಿದ್ದೇನೆ ಅಂತ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಬಂದುಬಿಟ್ಟರೆ ಇಬ್ಬರ ಹತ್ತಿರವೂ ಮುಖ ಎತ್ತೋಕೆ ಆಗಲ್ಲ. ಯಾವ ಕಥೆ, ಯಾರಿಗೆ, ಯಾವ ತಾರೀಕು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮತ್ತೆ ಆ ಮೂರು ತಿಂಗಳು ಇನ್ನೊಂದು ಕಥೆ ಶುರುಮಾಡಿ. ಬಾಗಿಲು ನೋಡುತ್ತಾ ಕೂತವರಿಗೆ ಹೊತ್ತು ಹೋಗುವುದಿಲ್ಲ.

ವಾಪಸ್ ಬಂದ ಕಥೆಯನ್ನು ತಿದ್ದಬೇಕಾ, ಹಾಗೇ ಬೇರೆ ಕಡೆಗೆ ಕಳಿಸಬೇಕಾ?

ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಜೋರಾಗಿ ಓದಿ. ನಾಲಿಗೆ ಎಡವಿದ ಕಡೆಯೆಲ್ಲ ಗುರುತು ಹಾಕಿ.

ನೂರಾರು ಕಥೆ ಟೈಪ್ ಮಾಡಿದ ಮೇಲೆ ನನಗೆ ಒಂದು ವಿಷಯ ಅರ್ಥವಾಯಿತು. ಮೊದಲ ಪುಟದಲ್ಲಿ ಸೂರ್ಯ ಹುಟ್ಟುತ್ತಾನೆ, ಕೋಳಿ ಕೂಗುತ್ತೆ, ಮಂಜು ಮುಸುಕಿರುತ್ತೆ, ನಾಯಕ ಹಾಸಿಗೆಯಲ್ಲಿ ಹೊರಳುತ್ತಾನೆ, ಕಾಫಿ ಬರುತ್ತೆ. ಎರಡನೇ ಪುಟದಲ್ಲಿ ಅಪ್ಪ ಸತ್ತ ಸುದ್ದಿ ಬರುತ್ತೆ. ಕಥೆ ಶುರುವಾಗುವುದು ಅಲ್ಲಿ! ಕಾಫಿವರೆಗಿನದು ಬರೆಯುವವರು ಕೈ ಬಿಸಿ ಮಾಡಿಕೊಂಡದ್ದು. ಮೇಲೆ ಹೇಳಿದ ಮೊದಲೆರಡು ಪುಟ ಅಂದರೆ ಅದೇ. ಅದು ಬೇಕಿತ್ತು, ಆದರೆ ಓದುಗರಿಗೆ ತೋರಿಸುವುದು ಬೇಡ. ನಿಮ್ಮ ವಾಪಸ್ ಬಂದ ಕಥೆಯ ಮೊದಲ ಪುಟ ತೆಗೆದು ಎರಡನೆಯದರಿಂದ ಒಮ್ಮೆ ಓದಿ ನೋಡಿ. ನನ್ನ ಆರು ಕಥೆಗಳಿಗೆ ಹೀಗೆ ತಲೆ ಕತ್ತರಿಸಿದ್ದೇನೆ. ನಾಲ್ಕು ಬದುಕಿದವು.

ಸ್ಪರ್ಧೆಗೆ ಕಳಿಸೋದು ಒಳ್ಳೇದಾ?

ಕೊನೇ ದಿನಾಂಕ ಅನ್ನೋದು ಇದೆಯಲ್ಲ, ಅದಕ್ಕಾಗಿ ಒಳ್ಳೇದು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಮಳೆಗಾಲದಲ್ಲೇ ಕರೆ ಬರುತ್ತೆ. ಎಷ್ಟು ಜನರ ಅರ್ಧ ಕಥೆ ಆ ಒಂದು ತಾರೀಕಿನಿಂದ ಪೂರ್ತಿಯಾಗಿದೆಯೋ! ಹೊಸಬರ ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದವರ ಬಹುಮಾನವಿದೆ. ಯುವ ಬರಹಗಾರರ ಚೊಚ್ಚಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ಪ್ರಕಟಣೆ ಬಂದಾಗ ವಯಸ್ಸು, ಪುಟಮಿತಿ, ನಿಯಮ ಸರಿಯಾಗಿ ಓದಿ ಕಳಿಸಿ.

ಬಹುಮಾನ ಬರದಿದ್ದರೆ? ಒಂದು ಪೂರ್ತಿ ಕಥೆ ಕೈಯಲ್ಲಿ ಉಳಿಯಿತು. ಗೆದ್ದವರ ಕಥೆ ಓದಿ, ಬೈದುಕೊಳ್ಳುತ್ತಾ ಬೇಕಾದರೂ ಓದಿ. ಒಂದು ಮಾತು ಮಾತ್ರ ನೆನಪಿರಲಿ. ತೀರ್ಪುಗಾರರಿಗೆ ಇಷ್ಟವಾಗುವ ಹಾಗೆ ಬರೆಯುವ ಚಾಳಿ ಹತ್ತಿದರೆ ಬಿಡಿಸುವುದು ಕಷ್ಟ. ನಾನು ಎರಡು ವರ್ಷ ಆ ಚಾಳಿಯಲ್ಲಿದ್ದೆ. ಆ ಎರಡು ವರ್ಷದ ಕಥೆಗಳಲ್ಲಿ ಎಲ್ಲರೂ ಕೊನೆಯಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತಾರೆ.

ಕನ್ನಡದಲ್ಲಿ ಬರೆದರೆ ಯಾರು ಓದ್ತಾರೆ? ಇಂಗ್ಲಿಷಿಗೆ ಹೋಗಲಾ?

ಹೋಗಬೇಕು ಅನಿಸಿದರೆ ಹೋಗಿ, ನಾನು ಅಡ್ಡ ಬರಲ್ಲ. ಆದರೆ ಯಾವ ಭಾಷೆಯಲ್ಲಿ ನೀವು ಜಗಳ ಆಡುತ್ತೀರಿ? ನಿಮ್ಮ ಪಾತ್ರಗಳು ಆ ಭಾಷೆಯಲ್ಲೇ ಬಾಯಿ ಬಿಡುತ್ತವೆ.

ಕುವೆಂಪು ಅವರೂ ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಹುಡುಗ ಪುಟ್ಟಪ್ಪ ತನ್ನ ಇಂಗ್ಲಿಷ್ ಕವಿತೆಗಳನ್ನು ಒಯ್ದು ತೋರಿಸಿದರು. ಹೊಗಳಿಕೆ ಸಿಗಬಹುದು ಅಂತ ಹೋದವರಿಗೆ ಕಸಿನ್ಸ್ ಕೇಳಿದ್ದು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಅಂತ. ಇಪ್ಪತ್ತರ ಹುಡುಗನಿಗೆ ಹೇಗಾಗಿರಬೇಡ! ಆಮೇಲೆ ಕನ್ನಡಕ್ಕೆ ಏನು ಸಿಕ್ಕಿತು ಅಂತ ನಾನು ಹೇಳಬೇಕಿಲ್ಲ. ಆ ಹೊತ್ತಿಗೆ ಮಾತ್ರ ಅದು ಒಂದು ಪೆಟ್ಟೇ ಆಗಿತ್ತು.

ಇತ್ತೀಚೆಗೆ ಎಲ್ಲರೂ ಬೂಕರ್ ಹೆಸರು ಎತ್ತುತ್ತಾರೆ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಖುಷಿ ಪಡಬೇಕಾದ್ದೇ, ನಾವು ಮನೆಯಲ್ಲಿ ಪಾಯಸ ಮಾಡಿದೆವು. ಆದರೆ ಆ ಕಥೆಗಳು 1990ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಬರೆದವು. ವಕೀಲಿಕೆ ಮಾಡುತ್ತಾ, ಕನ್ನಡದ ಓದುಗರಿಗಾಗಿ ಬರೆದವು. ಅವನ್ನು ಬರೆಯುವಾಗ ಲಂಡನ್ನಿನ ವೇದಿಕೆ ಅವರ ಕಣ್ಣ ಮುಂದೆ ಇದ್ದಿರಲಿಕ್ಕಿಲ್ಲ. ಕಮ್ಮಟಕ್ಕೆ ಬರುವ ಹುಡುಗರು "ಬೂಕರ್‌ಗೆ ಹೇಗೆ ಕಳಿಸೋದು" ಅಂತ ಕೇಳಿದಾಗ ನಾನು ಸಾರು ಬಡಿಸಿಕೊಳ್ಳೋಕೆ ಮುಂದೆ ಹೋಗಿಬಿಡುತ್ತೇನೆ.

ನನಗೆ ನಲವತ್ತೈದು ದಾಟಿದೆ. ಈಗ ಶುರುಮಾಡಿದರೆ ತಡ ಆಗಲ್ವಾ?

ನಮ್ಮ ಜಿಲ್ಲೆಯವರೇ ಎಂ.ಕೆ. ಇಂದಿರಾ. ತೀರ್ಥಹಳ್ಳಿಯಲ್ಲಿ ಹುಟ್ಟಿದ್ದು 1917ರಲ್ಲಿ. ಶಾಲೆ ಕಲಿತದ್ದು ಕೆಲವೇ ವರ್ಷ, ಹನ್ನೆರಡಕ್ಕೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಲೆಕ್ಕ ಹಾಕಿ, ನಲವತ್ತಾರು ವರ್ಷ. ಅದಕ್ಕೆ ರಾಜ್ಯದ ಸಾಹಿತ್ಯ ಅಕಾಡೆಮಿ ಬಹುಮಾನವೂ ಬಂತು. ಎಲ್ಲರಿಗೂ ಗೊತ್ತಿರುವ 'ಫಣಿಯಮ್ಮ' ಬರುವ ಹೊತ್ತಿಗೆ ಅವರಿಗೆ ಅರವತ್ತರ ಹತ್ತಿರ.

ಇದನ್ನು ಹೇಳಿದರೆ ಇನ್ನೊಬ್ಬರು ತ್ರಿವೇಣಿಯವರ ಉದಾಹರಣೆ ಕೊಡುತ್ತಾರೆ: ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು, ನಾನು ಏನು ಮಾಡಿದೆ ಅಂತ. ಹೋಲಿಕೆ ಮಾಡಿಕೊಂಡು ಸಂಕಟಪಡಲೇಬೇಕು ಅಂತಿದ್ದರೆ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ. ನಲವತ್ತೈದರವರಿಗೆ ಒಂದು ಅನುಕೂಲ ಇದೆ. ಎಷ್ಟೋ ಜನರ ಮದುವೆ, ಪಾಲು, ಸಾವು, ಸಾಲ ಹತ್ತಿರದಿಂದ ನೋಡಿರುತ್ತಾರೆ. ಇಪ್ಪತ್ತೆರಡರವರು ಅದನ್ನು ಊಹೆ ಮಾಡಿ ಬರೆಯಬೇಕು. ಕರಡು ತಿದ್ದುವಾಗ ಆ ವ್ಯತ್ಯಾಸ ಎದ್ದು ಕಾಣುತ್ತೆ.

ಬರೆದಿದ್ದ ಫೈಲೇ ಹೋಯ್ತು. ಮತ್ತೆ ಬರೆಯೋ ಶಕ್ತಿ ಇಲ್ಲ.

ಅಯ್ಯೋ. ಇದಕ್ಕೆ ಮೊದಲು ಸಮಾಧಾನ, ಆಮೇಲೆ ಉಪದೇಶ.

ನನಗೂ ಆಗಿದೆ. ಇಪ್ಪತ್ತೆರಡು ಪುಟದ ಕಥೆ. ಒಬ್ಬ ಮುದುಕ ಎರಡು ಚೀಲ ರಾಶಿ ಅಡಿಕೆ ಹೊರಿಸಿಕೊಂಡು ಮಂಡಿಗೆ ಬರುತ್ತಾನೆ, ಮಗನ ಸಾಲ ತೀರಿಸಲು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಗಡಿಯ ಕಂಪ್ಯೂಟರಿನಲ್ಲೇ ಇಟ್ಟಿದ್ದೆ. ಒಂದು ಶನಿವಾರ ಯಾರೋ ವೈರಸ್ ಬಂದಿದೆ ಅಂತ ಇಡೀ ಸಿಸ್ಟಂ ಫಾರ್ಮ್ಯಾಟ್ ಮಾಡಿದರು. ಗ್ರಾಹಕರ ಫೋಲ್ಡರ್ ಎಲ್ಲ ಜೋಪಾನವಾಗಿ ತೆಗೆದಿಟ್ಟಿದ್ದರು. ನನ್ನದು ಡೆಸ್ಕ್‌ಟಾಪಿನ ಮೇಲಿತ್ತು. ಇಂಥವರು ಮಾಡಿದರು ಅಂತ ಬೈಯಲೂ ಆಗಲಿಲ್ಲ, ಏಕೆಂದರೆ ಬೇರೆಯವರಿಗೆಲ್ಲ "ಬ್ಯಾಕಪ್ ಇಟ್ಕೊಳ್ಳಿ ಸಾರ್" ಅಂತ ದಿನಾ ಹೇಳುತ್ತಿದ್ದವಳು ನಾನೇ.

ಎಂಟು ತಿಂಗಳು ಆ ಕಡೆ ಹೋಗಲಿಲ್ಲ. ನೆನಪು ಮಾಡಿಕೊಂಡು ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು. ಹೋದದ್ದೇ ಚೆನ್ನಾಗಿತ್ತು, ಈಗ ಬರುತ್ತಿರುವುದು ಸಪ್ಪೆ ಅನಿಸುತ್ತಿತ್ತು. ಆಮೇಲೆ ಒಂದು ದಿನ ಬಸ್ಸಿನಲ್ಲಿ ಗಮನಿಸಿದೆ. ಇಪ್ಪತ್ತೆರಡು ಪುಟದಲ್ಲಿ ನನಗೆ ನೆನಪಿರುವುದು ಒಂದೇ ಚಿತ್ರ. ಮುದುಕ ತೂಕದ ಕಟ್ಟೆ ಹತ್ತುವ ಮೊದಲು ಚಪ್ಪಲಿ ಬಿಡುತ್ತಾನೆ. ದೇವಸ್ಥಾನಕ್ಕೆ ಹೋದವನ ಹಾಗೆ. ಮಿಕ್ಕಿದ್ದೆಲ್ಲ ಮರೆತೇಹೋಗಿತ್ತು. ನಾನೇ ಬರೆದ ನನಗೇ ನೆನಪಿಲ್ಲದ ಮೇಲೆ ಓದಿದವರಿಗೆ ಎಲ್ಲಿ ನೆನಪಿರುತ್ತಿತ್ತು? ಆ ಚಪ್ಪಲಿಯಿಂದ ಶುರುಮಾಡಿದೆ. ಒಂಬತ್ತು ಪುಟವಾಯಿತು. ನನ್ನ ಎರಡನೇ ಸಂಕಲನದಲ್ಲಿ ಅದೇ ಎಲ್ಲರೂ ಹೇಳುವ ಕಥೆ.

ಈಗ ಉಪದೇಶ. ನಿಮಗೇ ಇ-ಮೇಲ್ ಮಾಡಿಕೊಳ್ಳಿ, ವಾರಕ್ಕೊಮ್ಮೆ. ಹಳೇ ನುಡಿ ಫೈಲುಗಳಿದ್ದರೆ ಈಗಲೇ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಹತ್ತು ವರ್ಷ ಬಿಟ್ಟು ತೆರೆದಾಗ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಚುಕ್ಕೆ, ಗೀಟು ಹತ್ತಿದ ವಿಚಿತ್ರ ಗುರುತುಗಳು ಕಾಣುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿ ಬಂದಿದೆಯಾ ಅಂತ ಒಂದು ಸಲ ಕಣ್ಣಾಡಿಸಿ. ಪತ್ರಿಕೆಗೆ ಹಾಗೇ ಕಳಿಸಿ, ಆ ಕಡೆ ಯಾರಿಗೂ ಓದಲಾಗದೆ ಕಥೆ ಮೂಲೆ ಸೇರಿದ್ದನ್ನೂ ನೋಡಿದ್ದೇನೆ.

ಮನೆಯವರು, ಊರಿನವರು ಓದಿ ಏನಂದುಕೊಳ್ತಾರೋ ಅಂತ ಭಯ.

ಕಾವ್ಯನಾಮ ಇಟ್ಟುಕೊಳ್ಳಿ. ಕನ್ನಡದಲ್ಲಿ ಅದೇನು ಹೊಸದಲ್ಲ.

ಭಯ ಎಲ್ಲಿಯ ತನಕ ಹೋಗಬಹುದು ಅನ್ನೋದಕ್ಕೆ ಮುದ್ದಣನನ್ನು ನೆನೆಯಬೇಕು. ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಬರೆದ ಗದ್ಯವನ್ನು ಹಳೆಯ ಕವಿಯೊಬ್ಬನ ಕೃತಿ ಅಂತ ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿದರು. ವ್ಯಾಯಾಮದ ಮೇಷ್ಟ್ರು ಬರೆದದ್ದು ಅಂದರೆ ಯಾರು ಮೂಸಿ ನೋಡುತ್ತಾರೆ ಅನ್ನುವ ಅಳುಕು ಇತ್ತೋ ಏನೋ. ಕ್ಷಯ ಬಂದು 1901ರಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದು. ಬರೆದವರು ಅವರೇ ಅಂತ ಕನ್ನಡಕ್ಕೆ ಖಚಿತವಾಗಿ ಗೊತ್ತಾದದ್ದು ಆಮೇಲೆ. 'ರಾಮಾಶ್ವಮೇಧ'ದಲ್ಲಿ ಮುದ್ದಣ ಹೆಂಡತಿ ಮನೋರಮೆ ಜೊತೆ ಆಡುವ ಆ ಸರಸ ಸಲ್ಲಾಪವನ್ನು ಬರೆದವನಿಗೆ ಒಂದು ಹೊಗಳಿಕೆಯ ಪತ್ರವೂ ತನ್ನ ಹೆಸರಿಗೆ ಬರಲಿಲ್ಲ ಅಂತ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಊರಿನವರ ವಿಷಯ? ಅವರು ಓದುವುದು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ನನ್ನ ಅತ್ತೆಯ ಮೇಲೆ ಬರೆದ ಕಥೆಯನ್ನು ಅತ್ತೆಯೇ ಓದಿ, "ಇವಳು ನಮ್ಮ ದೊಡ್ಡಮ್ಮನ ಥರಾನೇ ಇದಾಳಲ್ಲೇ" ಅಂದರು.

ಬರೆದು ದುಡ್ಡು ಸಿಗುತ್ತಾ?

ಸಿಗುತ್ತೆ, ಬಸ್ ಚಾರ್ಜಿಗೆ. ಕೆಲವು ಪತ್ರಿಕೆಗಳು ಗೌರವಧನ ಕೊಡುತ್ತವೆ. ಪುಸ್ತಕಕ್ಕೆ ರಾಯಧನದ ಬದಲು ಎಷ್ಟೋ ಸಲ ಪ್ರತಿಗಳನ್ನೇ ಕೊಡುತ್ತಾರೆ. ಬರವಣಿಗೆಯಿಂದಲೇ ಮನೆ ನಡೆಸುವ ಕಥೆಗಾರರನ್ನು ನಾನು ಹತ್ತಿರದಿಂದ ಕಂಡಿಲ್ಲ. ಕೆಲಸ ಬಿಡಬೇಡಿ. ಕೆಲಸ ಬಿಟ್ಟವರು ಮೊದಲ ಆರು ತಿಂಗಳು ಬರೆಯುತ್ತಾರೆ. ಆಮೇಲೆ ಬಾಡಿಗೆಯ ಚಿಂತೆ ಶುರುವಾಗಿ ಅದೂ ಇಲ್ಲ.

ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡಿದೆ. ಮಾರಾಟವೇ ಆಗ್ತಿಲ್ಲ. ತಲೆ ತಗ್ಗಿಸುವಂತಾಗಿದೆ.

ನನ್ನ ಮೊದಲ ಸಂಕಲನವೂ ಹಾಗೇ. ಚೀಟಿ ದುಡ್ಡು ಎತ್ತಿ 500 ಪ್ರತಿ ಹಾಕಿಸಿದೆ. ಹೆಸರು 'ಚಪ್ಪರದ ನೆರಳು'. ಒಳಪುಟಗಳ ಕರಡನ್ನು ನಾಲ್ಕು ಸಲ ನೋಡಿದ್ದೆ. ಬಂಡಲ್ ಬಂತು, ಹಗ್ಗ ಬಿಚ್ಚಿದೆ, ಪುಸ್ತಕದ ಬೆನ್ನು ನೋಡಿದೆ. 'ಚಪ್ಪರದ ನರಳು'. ಒಂದು ಎತ್ವ ಬಿಟ್ಟುಹೋಗಿ ಐನೂರು ಪುಸ್ತಕ ಒಟ್ಟಿಗೆ ನರಳುತ್ತಿದ್ದವು. ಊರಿನವರ ಕಾಗುಣಿತ ತಿದ್ದುವವಳ ಪುಸ್ತಕ! ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಕೂತು ಐನೂರಕ್ಕೂ ಕರಿ ಪೆನ್ನಿನಲ್ಲಿ ಎತ್ವ ಹಾಕಿದೆ. ಮುನ್ನೂರರ ಹತ್ತಿರ ಬರುವ ಹೊತ್ತಿಗೆ ನಗು ಬಂತು.

ಬಿಡುಗಡೆಯ ದಿನ ಅರವತ್ತು ಹೋದವು. ಮಿಕ್ಕವು ಮೂರು ವರ್ಷ ಮಂಚದ ಕೆಳಗಿದ್ದವು. ಗುಡಿಸುವಾಗ ಪೊರಕೆ ತಾಗಿದಾಗಲೆಲ್ಲ ಮನಸ್ಸಿಗೂ ತಾಗುತ್ತಿತ್ತು.

ಗಳಗನಾಥರ ಬಗ್ಗೆ ಆಗ ಓದಿದೆ. ಹಾವೇರಿ ಕಡೆಯವರು, ಮರಾಠಿ ಓದುತ್ತಿದ್ದ ಜನರ ಕೈಗೆ ಕನ್ನಡ ಕಾದಂಬರಿ ಕೊಟ್ಟವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಾನೂ ಒಂದು ಚೀಲ ಹೊತ್ತೆ. ಶಾಲೆಗಳಿಗೆ, ಗ್ರಂಥಾಲಯಗಳಿಗೆ, ಮದುವೆ ಮನೆಗೆ ಮುಯ್ಯಿಯ ಜೊತೆಗೂ. ಮದುವೆಯಲ್ಲಿ ಕೊಟ್ಟವರಲ್ಲಿ ಒಬ್ಬರು ಎರಡು ವರ್ಷದ ಮೇಲೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಕಾಯುವಾಗ ಓದಿದೆ ಅಂದರು. ಈಗ ಬೇಕಾದಷ್ಟೇ ಪ್ರತಿ ಮುದ್ರಿಸುವ ಅನುಕೂಲ ಇದೆ. ಮೊದಲ ಸಲಕ್ಕೆ ನೂರು ಸಾಕು. ಮಂಚದ ಕೆಳಗೆ ಜಾಗವೂ ಉಳಿಯುತ್ತೆ. ಮತ್ತೆ ಪುಸ್ತಕದ ಬೆನ್ನನ್ನೂ ಕರಡಿನಲ್ಲಿ ನೋಡಿ, ದಯವಿಟ್ಟು.

ಗೋಷ್ಠಿಯಲ್ಲಿ ಓದಿದೆ. ಎಲ್ಲರೂ ಸೇರಿ ಹರಿದು ಹಾಕಿದರು.

ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಒಂದು ವಾರ ಬಿಟ್ಟು ನೋಡಿ. ಮೂವರು ಬೇರೆ ಬೇರೆ ಮಾತಿನಲ್ಲಿ ಒಂದೇ ಜಾಗ ತೋರಿಸಿದ್ದರೆ ಆ ಜಾಗದಲ್ಲಿ ಏನೋ ಇದೆ. ಅವರು ಹೇಳಿದ ಪರಿಹಾರ ತಪ್ಪಿರಬಹುದು, ನೋವಿರುವ ಜಾಗ ಸುಳ್ಳಲ್ಲ. "ಇದು ಕಥೆಯೇ ಅಲ್ಲ" ಅನ್ನುವಂಥ ಮಾತನ್ನು ಅಲ್ಲೇ ಬಿಟ್ಟು ಬನ್ನಿ. ಅದು ಮುಂದೆ ಯಾವ ಕೆಲಸಕ್ಕೂ ಬರಲ್ಲ.

ಮನೆಯಲ್ಲಿ ಸಾವಾಯಿತು. ಅಲ್ಲಿಂದ ಒಂದು ಸಾಲೂ ಬರೆಯಲಾಗುತ್ತಿಲ್ಲ.

ಬರೆಯಬೇಡಿ. ಯಾರೂ ಲೆಕ್ಕ ಕೇಳುವುದಿಲ್ಲ.

ನೋವು ಒಳ್ಳೆಯ ಸಾಹಿತ್ಯ ಕೊಡುತ್ತೆ ಅಂತ ಹೇಳುವವರು ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ತೋರಿಸುತ್ತಾರೆ. ಮಗು ಹೋದ ಹೊತ್ತಿನ ಪದ್ಯ. ಅವರು ಮಕ್ಕಳನ್ನು ಕಳೆದುಕೊಂಡದ್ದು ಒಮ್ಮೆ ಅಲ್ಲ, ಎಷ್ಟೋ ಸಲ. 'ನರಬಲಿ' ಪದ್ಯಕ್ಕೆ 1932ರಲ್ಲಿ ಜೈಲು, ಆಮೇಲೆ ಗಟ್ಟಿ ಕೆಲಸವಿಲ್ಲದ ವರ್ಷಗಳು. ಇಷ್ಟರ ನಡುವೆ ಅವರು ಹಾಡಿದರು ಅನ್ನೋದು ನಿಜ. ಅವರು ಹಾಡಿದ್ದರಿಂದ ನೀವೂ ಹಾಡಲೇಬೇಕು ಅನ್ನೋದು ಮಾತ್ರ ಕ್ರೂರ. ಅಮ್ಮ ಹೋದಾಗ ನಾನು ಒಂದು ವರ್ಷ ಬೇರೆಯವರ ಕರಡು ಮಾತ್ರ ತಿದ್ದಿದೆ. ಅಲ್ಪವಿರಾಮ, ಪೂರ್ಣವಿರಾಮ ಹಾಕುತ್ತಾ ಕೂತೆ. ಅದಕ್ಕೆ ತಲೆ ಸಾಕಾಗುತ್ತಿತ್ತು.

ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಬರವಣಿಗೆಯ ಪ್ರಶ್ನೆ ಅಲ್ಲ. ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಬರೆಯೋದನ್ನು ಬಿಟ್ಟುಬಿಡಬಹುದಾ?

ಖಂಡಿತ. ಚೆನ್ನಾಗಿ ಓದುವ ಜನರೂ ನಮಗೆ ಬೇಕು, ಅವರೇ ಕಡಿಮೆ ಇರುವುದು. ನನ್ನ ಗೆಳತಿಯೊಬ್ಬಳು ಬಿಟ್ಟಳು. ಈಗ ತರಕಾರಿ ಬೆಳೆಯುತ್ತಾಳೆ, ನನ್ನ ಕಥೆಯ ಮೊದಲ ಓದು ಅವಳದೇ, ನನಗಿಂತ ಸುಖವಾಗಿದ್ದಾಳೆ.

ನೀವೀಗ ಏನು ಬರೀತಿದ್ದೀರಿ?

ಒಂದು ಕಥೆ. ಡಿಟಿಪಿ ಅಂಗಡಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಒಡವೆ ಅಂಗಡಿಯ ಜಾಹೀರಾತಿಗೆ ಜಾಗ ಮಾಡಲು ಒಂದು ಕಥೆಯನ್ನು ಕಂಟ್ರೋಲ್ ಎಕ್ಸ್ ಮಾಡಿದ್ದಾಳೆ. ಆ ಕಥೆ ಬರೆದ ಮೇಷ್ಟ್ರು ಹತ್ತು ಪ್ರತಿ ಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಹುಡುಗಿ ಅವರಿಗೆ ಏನು ಹೇಳುತ್ತಾಳೆ ಅಂತ ನನಗೆ ಗೊತ್ತಾಗುತ್ತಿಲ್ಲ. ದಿನಾ ಬೆಳಿಗ್ಗೆ ಹಿಂದಿನ ಅರ್ಧ ಪುಟ ಮತ್ತೆ ಟೈಪ್ ಮಾಡುತ್ತೇನೆ. ಮೇಷ್ಟ್ರು ಮತ್ತೆ ಬಂದು ನಿಲ್ಲುತ್ತಾರೆ. ಮೂರು ವಾರವಾಯಿತು ಪಾಪ, ಹೊರಗೆ ಮಳೆ ಬೇರೆ. ನಿನ್ನೆ ಅವರ ಕೈಗೆ ಒಂದು ಕೊಡೆ ಕೊಟ್ಟೆ.